ಬಾಣ ಎಸೆದಷ್ಟು ದೂರ



ಹೋದ ಭಾನುವಾರ ನಾನು ಪ್ರಸಂಗ ಶುರು ಮಾಡಿ ಐದು ನಿಮಿಷ ಆಗಿರಲಿಲ್ಲ, ಹಿಂದಿನ ಸಾಲಿನಲ್ಲಿ ಒಂದು ಕೂಸು ಅಳತೊಡಗಿತು. ತಾಯಿ ಅದನ್ನು ಎದೆಗೆ ಅವಚಿಕೊಂಡಳು, ಬೆನ್ನು ತಟ್ಟಿದಳು, ಸೆರಗಿನಿಂದ ಗಾಳಿ ಹಾಕಿದಳು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಒಂದೊಂದು ಮುಖ ತಿರುಗಿದ ಹಾಗೆಲ್ಲ ಅವಳ ಕೈ ಬಿರುಸಾಯಿತು; ಕೈ ಬಿರುಸಾದ ಹಾಗೆಲ್ಲ ಕೂಸಿನ ದನಿ ಏರಿತು. ಕೊನೆಗೆ ಅವಳು ಎದ್ದು ಹೊರಗೆ ಹೋದಳು. ಆರಾಧನೆ ಮುಗಿದು ನಾನು ಬಾಗಿಲಿಗೆ ಬಂದಾಗ ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತಿದ್ದಳು. ಕೂಸು ಮಲಗಿತ್ತು. ಅವಳ ಕಣ್ಣು ಕೆಂಪಗಾಗಿದ್ದವು. "ಪ್ರಸಂಗ ಕೇಳಾಕ ಆಗಲಿಲ್ರಿ ಅಯ್ಯಾರ, ತಪ್ಪಾತು" ಅಂದಳು.

ಅವಳನ್ನು ಕೇಳಿಯೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ. ಈ ಹೊತ್ತು ಆದಿಕಾಂಡದ 21ನೆಯ ಅಧ್ಯಾಯವನ್ನು ಓದಿಸಿದ್ದೂ ಆ ಒಂದು ಮಾತಿಗಾಗಿ. "ತಪ್ಪಾತು" ಅನ್ನಬೇಕಾದವರು ಯಾರು ಎಂದು ವಾರವಿಡೀ ಯೋಚಿಸಿದೆ.

ಹಾಗರಳ ಕತೆ ನಿಮಗೆ ಗೊತ್ತಿರುವುದೇ. ಅಬ್ರಹಾಮನ ಮನೆಯ ದಾಸಿ, ಅವನ ಮಗ ಇಷ್ಮಾಯೇಲನಿಗೆ ತಾಯಿ. ಅವನ ಹೆಂಡತಿ ಸಾರಳಿಗೆ ಮಗ ಹುಟ್ಟಿದ ಮೇಲೆ ಈ ಇಬ್ಬರೂ ಮನೆಗೆ ಬೇಡವಾದರು. ಬೆಳಗಿನ ಜಾವ ಅಬ್ರಹಾಮನು ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು ಅವಳ ಹೆಗಲಿಗೇರಿಸಿ ಕಳಿಸಿಬಿಟ್ಟ. ಬೇರ್ಷೆಬದ ಅಡವಿಯಲ್ಲಿ ಅಲೆದಳು. ತಿತ್ತಿಯ ನೀರು ಮುಗಿಯಿತು. ಮಗನನ್ನು ಒಂದು ಗಿಡದ ನೆರಳಿಗೆ ಹಾಕಿ, ತಾನು ಬಾಣ ಎಸೆದಷ್ಟು ದೂರ ಹೋಗಿ ಕುಳಿತಳು. ಅವನು ಸಾಯುವುದನ್ನು ಕಣ್ಣಾರೆ ನೋಡಲಾರೆ ಎಂದು ಗಟ್ಟಿಯಾಗಿ ಅತ್ತಳು. (ಹಿಂದಿನ ಅಧ್ಯಾಯಗಳ ವಯಸ್ಸಿನ ಲೆಕ್ಕ ಹಿಡಿದರೆ ಇಷ್ಮಾಯೇಲ ಆಗ ಕೈಗೂಸಲ್ಲ, ಮೀಸೆ ಮೂಡುವ ಹುಡುಗ. ಆದರೆ ಇಲ್ಲಿ ಬರೆದವನು ಅವನನ್ನು ಕಂಕುಳ ಕೂಸಿನ ಹಾಗೆಯೇ ಕಾಣಿಸುತ್ತಾನೆ. ತಾಯಿಯ ಕಣ್ಣಿಗೆ ಹಾಗೇ ಕಂಡಿರಬೇಕು.)

ಇಲ್ಲಿ ಒಂದು ಸಣ್ಣ ಸಂಗತಿ ಇದೆ. ಓದುವಾಗ ನಾವು ದಾಟಿ ಹೋಗಿಬಿಡುತ್ತೇವೆ. ಹೀಬ್ರೂ ಮೂಲದಲ್ಲಿ ಗಟ್ಟಿಯಾಗಿ ಅತ್ತವಳು ತಾಯಿ. ಹುಡುಗ ಅತ್ತನೆಂದು ಅಲ್ಲಿ ಬರೆದೇ ಇಲ್ಲ. ಆದರೆ ಮರುವಾಕ್ಯದಲ್ಲಿ ದೇವರು ಹುಡುಗನ ದನಿಯನ್ನು ಕೇಳಿದನು ಎಂದಿದೆ. ಅತ್ತದ್ದು ಒಬ್ಬಳು, ಕೇಳಿಸಿದ್ದು ಇನ್ನೊಬ್ಬನ ದನಿ. ಪಂಡಿತರು ಇದನ್ನು ಹೇಗೆ ಹೇಗೋ ಬಿಡಿಸುತ್ತಾರೆ. ಹಳೆಯ ಗ್ರೀಕ್ ಅನುವಾದದವರಂತೂ ಇದು ಸರಿ ಹೋಗುವುದಿಲ್ಲವೆಂದು ಹುಡುಗನೇ ಅತ್ತನೆಂದು ಬರೆದುಬಿಟ್ಟರು. ಮಕ್ಕಳನ್ನು ಹೆತ್ತ ಹೆಂಗಸರಿಗೆ ಈ ತೊಡಕು ತೊಡಕೇ ಅಲ್ಲ. ತಾಯಿ ಅತ್ತರೆ ಕೂಸು ಅತ್ತಂತೆಯೇ. ಎರಡು ಬಾಯಿ, ಒಂದು ದನಿ.

ಇನ್ನೂ ಒಂದು ಸಂಗತಿ. ಕೇಳಿಸಿದ್ದು ಹುಡುಗನ ದನಿಯಾದರೂ ದೇವದೂತನು ವಿಚಾರಿಸಿದ್ದು ತಾಯಿಯನ್ನು. ಮಗುವಿಗೆ ಏನಾಯಿತು ಎಂದು ಕೇಳಲಿಲ್ಲ. ಹಾಗರಳೇ, ನಿನಗೇನಾಯಿತು ಎಂದು, ಹೆಸರು ಹಿಡಿದು ಕೇಳಿದ. ಅಬ್ರಹಾಮನ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾವು ಓದುವುದಿಲ್ಲ. ಅಲ್ಲಿ ಅವಳು ಬರೀ "ದಾಸಿ".

ನಮ್ಮ ಮನೆಗಳಲ್ಲಿ ಕೂಸು ಅತ್ತರೆ ನಾವು ಏನು ಕೇಳುತ್ತೇವೆ? ಹಾಲು ಸಾಲುತ್ತಿಲ್ಲವೇನು? ಬಾಣಂತಿ ಏನಾದರೂ ತಣ್ಣಗಿನದು ತಿಂದಳೇನು? ಸಂಜೆ ಹೊತ್ತು ಹೊರಗೆ ತಂದಿದ್ದಿರೇನು? ಯಾರ ಕಣ್ಣು ತಾಗಿತು? ಕೇಳುವುದೆಲ್ಲ ಕೂಸಿನ ಬಗ್ಗೆ, ದೂರುವುದೆಲ್ಲ ತಾಯಿಯನ್ನು. ನಿನಗೇನಾಯಿತವ್ವಾ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ.

ನಾನೂ ಕೇಳಿದವನಲ್ಲ. ನಮ್ಮ ಮೊದಲ ಮಗು ಹುಟ್ಟಿದಾಗ ನಾನೊಂದು ಹಳ್ಳಿ ಸಭೆಯಲ್ಲಿದ್ದೆ. ತವರಿನಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿ ನಮ್ಮ ಮನೆಯವರು ಕೂಸನ್ನು ಎತ್ತಿಕೊಂಡು ಬಂದರು. ತವರಲ್ಲಿ ಎರೆಯುವವರು ಒಬ್ಬರು, ಲೋಬಾನ ಹಾಕುವವರು ಒಬ್ಬರು, ರಾತ್ರಿ ಎತ್ತಿಕೊಂಡು ಅಡ್ಡಾಡುವವರು ಇನ್ನೊಬ್ಬರು. ನಮ್ಮ ಮನೆಯಲ್ಲಿ ಅವರೊಬ್ಬರೇ. ನಾನು ಬೆಳಿಗ್ಗೆ ಸೈಕಲ್ ಹತ್ತಿದರೆ ಸಂಜೆಯೇ ಇಳಿಯುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಸು ಶುರು ಮಾಡುತ್ತಿತ್ತು. ಒಂಬತ್ತು ಗಂಟೆಯವರೆಗೂ ನಿಲ್ಲಿಸುತ್ತಿರಲಿಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ನಾನು ಗ್ರೈಪ್ ವಾಟರ್ ತಂದೆ, ಬಜೆ ತೇಯ್ದೆ, ಪ್ರಾರ್ಥನೆ ಮಾಡಿದೆ. ಒಂದು ಸಂಜೆ ಸಭೆಯ ಹಿರಿಯಳೊಬ್ಬಳು ಬಂದಳು. ಮಿಶನ್ ಆಸ್ಪತ್ರೆಯಲ್ಲಿ ಆಯಾ ಆಗಿ ತಲೆ ಬೆಳ್ಳಗಾದವಳು. ಬಾಗಿಲಲ್ಲಿ ನಿಂತು ಒಂದು ಗಳಿಗೆ ಕೂಸಿನ ಅಳು ಕೇಳಿದಳು, ಆಮೇಲೆ ಅಡುಗೆಮನೆಯ ಕಡೆ ನೋಡಿದಳು. "ಕೂಸಿಗೇನೂ ಆಗಿಲ್ರಿ ಅಯ್ಯಾರ. ಅದರ ಅವ್ವಗ ಆಗೇತಿ. ಕೂಸನ್ನ ಇತ್ತಾಗ ಕೊಡ್ರಿ, ಆಕಿ ಮೊದಲ ಎರಡು ತುತ್ತು ಉಣ್ಲಿ" ಅಂದಳು.

ಪವಾಡವೇನೂ ಆಗಲಿಲ್ಲ. ಕೂಸು ಆ ಅಜ್ಜಿಯ ಹೆಗಲ ಮೇಲೂ ಅರ್ಧ ತಾಸು ಅತ್ತಿತು. ನಮ್ಮ ಮನೆಯವರು ಉಂಡು, ಗೋಡೆಗೆ ಒರಗಿದವರು ಹಾಗೇ ನಿದ್ದೆ ಹೋದರು. ಎರಡು ತಾಸು. ಅಜ್ಜಿ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ವಾರ ಕಳೆಯುವುದರೊಳಗೆ ಸಂಜೆಯ ಅಳು ಅರ್ಧಕ್ಕಿಳಿದಿತ್ತು. ಊರಿನ ಎಲ್ಲ ಮನೆಗಳ ಸುಖದುಃಖ ವಿಚಾರಿಸಿಕೊಂಡು ಅಡ್ಡಾಡುತ್ತಿದ್ದ ನಾನು, ನನ್ನ ಮನೆಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದು ಮಾತು ಕೇಳಿರಲಿಲ್ಲ.

ನಡುವೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ತಪ್ಪು ತಿಳಿಯಬಾರದು. ಕೂಸಿನ ಪ್ರತಿ ಅಳುವಿಗೂ ತಾಯಿಯ ಮನಸ್ಸೇ ಕಾರಣವಲ್ಲ. ಕಿವಿನೋವು ಇರುತ್ತದೆ, ಜ್ವರ ಇರುತ್ತದೆ, ಹಸಿವು ಇರುತ್ತದೆ. ಮೈ ಬಿಸಿಯಾದರೆ, ಹಾಲು ಹಿಡಿಯದಿದ್ದರೆ ಡಾಕ್ಟರ ಹತ್ತಿರ ಓಡಬೇಕು. ಪಾದ್ರಿಯ ಹತ್ತಿರ ಆಮೇಲೆ ಬಂದರಾಯಿತು.

ಆ ಅಜ್ಜಿ ಕಣ್ಣಿಂದ ಕಂಡದ್ದನ್ನು ಓದಿದವರು ಅಳೆದು ನೋಡಿದ್ದಾರೆ. ಹುಟ್ಟಿದ ಕೂಸಿನ ಕಣ್ಣಿಗೆ ಚೆನ್ನಾಗಿ ಕಾಣುವ ದೂರ ಹೆಚ್ಚೆಂದರೆ ಒಂದು ಅಡಿ, ಎದೆಗೂ ತಾಯಿಯ ಮುಖಕ್ಕೂ ಇರುವಷ್ಟೇ. ದೇವರು ಆ ಪುಟ್ಟ ಕಣ್ಣಿಗೆ ಮೊದಲು ಓದಲು ಕೊಟ್ಟ ಪುಸ್ತಕ ಆ ಮುಖ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕೆಲವು ತಿಂಗಳ ಕೂಸುಗಳ ತಾಯಂದಿರಿಗೆ ಒಂದು ಕೆಲಸ ಹೇಳಿದರು. ಮೊದಲು ಎಂದಿನಂತೆ ಆಡಿಸಿ. ಆಮೇಲೆ ಕೆಲವೇ ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಿ, ನಗಬೇಡಿ, ಮಾತಾಡಬೇಡಿ. ಕೂಸು ನಕ್ಕು ನೋಡುತ್ತದೆ. ಕೈ ಚಾಚುತ್ತದೆ. ತನಗೆ ಗೊತ್ತಿರುವ ಎಲ್ಲ ಸದ್ದು ಮಾಡಿ ಕರೆಯುತ್ತದೆ. ಆ ಮುಖ ಅಲುಗದಿದ್ದಾಗ ತಾನೇ ಮುಖ ತಿರುಗಿಸುತ್ತದೆ, ಸಪ್ಪಗಾಗುತ್ತದೆ, ಅಳುತ್ತದೆ. ಕೆಲವೇ ನಿಮಿಷಕ್ಕೆ ಇಷ್ಟು. ಈಗ ನಮ್ಮ ಮನೆಗಳಲ್ಲಿ ಮೊಬೈಲು ಹಿಡಿದು ಕೂತ ಮುಖಗಳನ್ನು ನೆನಪಿಸಿಕೊಳ್ಳಿ. ತಾಯಂದಿರ ಮುಖವನ್ನಷ್ಟೇ ಹೇಳುತ್ತಿಲ್ಲ, ಅಪ್ಪಂದಿರೇ.

2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಓದಿದಾಗ ನನಗೆ ನಮ್ಮ ಚರ್ಚಿನ ಬೆಂಚುಗಳೇ ಕಣ್ಣ ಮುಂದೆ ಬಂದವು. ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ತಾಯಂದಿರಿಂದ ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿಟ್ಟರು. ಆ ಹೊತ್ತಿನಲ್ಲಿ ಕೆಲವು ತಾಯಂದಿರು ಅಪರಿಚಿತರೆದುರು ನಿಂತು ಮಾತಾಡಬೇಕು. ಕೇಳುವವರು ಹುಬ್ಬು ಗಂಟಿಕ್ಕಿ, ತಲೆ ಅಡ್ಡಡ್ಡ ಆಡಿಸುತ್ತ ಕೂತಿರುತ್ತಾರೆ. ಇನ್ನು ಕೆಲವರಿಗೆ ನಗುಮುಖದ ಕೇಳುಗರು. ಆಮೇಲೆ ಮಕ್ಕಳನ್ನು ತಂದು ತಾಯಿಯ ಮಡಿಲಿಗೆ ಕೊಟ್ಟರು. ನಡೆದದ್ದನ್ನು ಮಗು ಕಂಡಿಲ್ಲ, ಕೇಳಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಅಂಜಿದ ತಾಯಿಯ ಮಗುವಿನ ಎದೆಬಡಿತ ಅವಳ ಎದೆಬಡಿತವನ್ನು ಹಿಂಬಾಲಿಸಿತು. ಹೊಸಬರು ಎದುರು ಬಂದರೆ ಆ ಮಕ್ಕಳು ಉಳಿದವಕ್ಕಿಂತ ಹೆಚ್ಚು ಹಿಂಜರಿದವು.

ಹೋದ ಭಾನುವಾರ ನಾವು ತಿರುಗಿ ನೋಡಿದ್ದು ತಾಯಿಯನ್ನು. ಆ ನೋಟ ಹೋಗಿ ತಟ್ಟಿದ್ದು ಕೂಸಿಗೆ.

ಹಾಲಿನ ವಿಷಯವೂ ಹೀಗೇ. ಕೂಸು ಅತ್ತದ್ದು ಕಿವಿಗೆ ಬಿದ್ದರೆ ಸಾಕು, ಎಷ್ಟೋ ತಾಯಂದಿರಿಗೆ ರವಿಕೆ ಒದ್ದೆಯಾಗುತ್ತದೆ. ಆಕ್ಸಿಟೋಸಿನ್ ಎಂಬ ರಸ ನೆತ್ತರಿಗೆ ಬಂದು ಹಾಲನ್ನು ಇಳಿಸುತ್ತದೆ ಎನ್ನುತ್ತಾರೆ ಡಾಕ್ಟರು. ಅಂಜಿಕೆ, ನೋವು, ಚಿಂತೆ ಆ ರಸವನ್ನು ತಡೆಯುತ್ತವೆ. ಹಾಲು ಇರುತ್ತದೆ, ಇಳಿಯುವುದಿಲ್ಲ. ದನ ಕಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೆದರಿದ ಎಮ್ಮೆ ತೊರೆ ಬಿಡುವುದಿಲ್ಲ. ಅದಕ್ಕೆ ಮೈ ಸವರಿ, ಹೆಸರು ಹಿಡಿದು ಕರೆದು, ಕರುವನ್ನು ಮುಂದೆ ಕಟ್ಟಿ, ಸಮಾಧಾನವಾಗುವವರೆಗೂ ಕಾಯುತ್ತೇವೆ. ಅದೇ ಮನೆಯ ಸೊಸೆಗೆ "ನಿನ್ನ ಹಾಲೇ ಸಾಲುದಿಲ್ಲ" ಅಂದು ಅಂಗಡಿಯಿಂದ ಡಬ್ಬಿ ತರಿಸುತ್ತೇವೆ. ಎಮ್ಮೆಗೆ ತೋರಿದ ತಾಳ್ಮೆ ಸೊಸೆಗೆ ಇಲ್ಲ.

ಒಳ್ಳೆಯ ಸುದ್ದಿಯೂ ಇದೆ, ಅದನ್ನು ಈ ಸಭೆಯ ತಾಯಂದಿರು ಕಿವಿಗೊಟ್ಟು ಕೇಳಬೇಕು. ನಾನು ಇಷ್ಟು ಹೇಳಿದ್ದರಿಂದ, ಅಯ್ಯೋ, ನಾನು ಸಿಟ್ಟಾದಾಗಲೆಲ್ಲ ಮಗುವಿಗೆ ವಿಷ ಉಣಿಸಿದೆನೇನೋ ಎಂದು ಮನೆಗೆ ಹೋಗಿ ಕೊರಗಬೇಡಿ. ಅದೇ ಟ್ರಾನಿಕ್ ಅವರು ಇನ್ನೊಂದನ್ನೂ ಕಂಡರು. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ಹೊಂದಿಕೆ ತಪ್ಪುವ ಗಳಿಗೆಗಳೇ ಹೆಚ್ಚು. ಕೂಸು ನಗುತ್ತದೆ, ತಾಯಿ ಒಲೆಯ ಕಡೆ ನೋಡುತ್ತಿರುತ್ತಾಳೆ. ತಾಯಿ ಆಡಿಸಲು ಬರುತ್ತಾಳೆ, ಕೂಸಿಗೆ ನಿದ್ದೆ. ತಪ್ಪುತ್ತದೆ, ಮತ್ತೆ ಕೂಡುತ್ತದೆ. ಕೂಸಿಗೆ ಬೇಕಾದದ್ದು ಆ ಮತ್ತೆ ಕೂಡುವುದು. ಕಲ್ಲಾಗಿದ್ದ ಮುಖ ಪುನಃ ನಕ್ಕಾಗ ಕೂಸು ಸ್ವಲ್ಪ ಮುನಿಸು ತೋರಿಸಿ, ಆಮೇಲೆ ತಾನೂ ನಗುತ್ತದೆ. ಕೂಸುಗಳು ನಮಗಿಂತ ಬೇಗ ಕ್ಷಮಿಸುತ್ತವೆ. ಯಾವಾಗಲೂ ನಗುವ ತಾಯಿಯನ್ನು ನಾನಂತೂ ಕಂಡಿಲ್ಲ, ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ.

ಸತ್ಯವೇದದ ತಾಯಂದಿರೂ ಕ್ಯಾಲೆಂಡರಿನವರಲ್ಲ. ಹನ್ನಳು ಮಕ್ಕಳಿಲ್ಲವೆಂದು ಊಟ ಬಿಟ್ಟು ಅತ್ತವಳು. ಗಂಡ ಎಲ್ಕಾನ ಒಳ್ಳೆಯವನೇ, ಆದರೆ ಹತ್ತು ಮಕ್ಕಳಿಗಿಂತ ನಾನು ಹೆಚ್ಚಲ್ಲವೇ ಎಂಬ ಅರ್ಥದಲ್ಲಿ ಕೇಳಿದ. ಗಂಡಸರ ಸಮಾಧಾನ ಎಂದರೆ ಹೀಗೇ. ಅವಳ ದುಃಖ ಹೋಗಿ ಮಾತು ತನ್ನ ಬಗ್ಗೆಯೇ ಆಯಿತು. ಯಾಜಕ ಏಲಿಯಂತೂ ಪ್ರಾರ್ಥಿಸುವಾಗ ಅವಳ ತುಟಿ ಅಲುಗುವುದನ್ನು ಕಂಡು ಕುಡಿದಿದ್ದಾಳೆಂದ. ನನ್ನ ವೃತ್ತಿಯವನು ಮಾಡಿದ ತಪ್ಪು ಅದು, ಹಾಗಾಗಿ ಹೇಳುವ ಹಕ್ಕು ನನಗಿದೆ. ಇವತ್ತಿಗೂ ಬಾಣಂತಿಯೊಬ್ಬಳು ಮಾತು ಬಿಟ್ಟರೆ ಸೊಕ್ಕು ಎನ್ನುತ್ತೇವೆ, ಅತ್ತರೆ ನಾಟಕ ಎನ್ನುತ್ತೇವೆ, ರಾತ್ರಿ ಬೆಚ್ಚಿದರೆ ಗಾಳಿ ಸೋಕಿದೆ ಎನ್ನುತ್ತೇವೆ. ಏಲಿ ಕೊನೆಗೆ ತಿದ್ದಿಕೊಂಡ, ಅವಳ ಮಾತನ್ನು ಪೂರ್ತಿ ಕೇಳಿ ಸಮಾಧಾನದ ಮಾತು ಹೇಳಿ ಕಳಿಸಿದ. ಆಗ ಅವಳು ಹೋಗಿ ಊಟ ಮಾಡಿದಳು, ಅವಳ ಮುಖದ ದುಃಖ ಹೋಯಿತು. ಗಮನಿಸಿ, ಆಗಿನ್ನೂ ಅವಳು ಬಸುರಿಯಾಗಿರಲಿಲ್ಲ. ಏನೂ ಸಿಕ್ಕಿರಲಿಲ್ಲ. ಒಬ್ಬರು ಕೇಳಿಸಿಕೊಂಡಿದ್ದರು, ಅಷ್ಟೇ. ಸಮುವೇಲ ಹುಟ್ಟಿದ ಮೇಲೆ, ಮೊಲೆ ಬಿಡಿಸುವವರೆಗೆ ಶೀಲೋವಿನ ದೇವಾಲಯಕ್ಕೆ ಬರಲಾರೆ ಎಂದಳು. ಎಲ್ಕಾನ ಈ ಸಲ ಜಾಣನಾಗಿದ್ದ. ನಿನಗೆ ಸರಿ ಕಂಡಂತೆ ಮಾಡು ಎಂದ.

ಯೆಹೂದ್ಯರ ಭಾಷೆಯಲ್ಲಿ ದೇವರ ಕರುಣೆಗೆ ಹೇಳುವ ಮಾತು, ಗರ್ಭಕೋಶಕ್ಕೆ ಹೇಳುವ ಮಾತು, ಎರಡೂ ಒಂದೇ ಬೇರಿನವು. ಯೇಸು ಜನರ ಗುಂಪನ್ನು ಕಂಡು ಕನಿಕರಪಟ್ಟನು ಎಂದು ನಮ್ಮ ಸತ್ಯವೇದದಲ್ಲಿ ಇದೆಯಲ್ಲ, ಅದರ ಗ್ರೀಕ್ ಮಾತಿನೊಳಗೆ ಇರುವುದು ಕರುಳು. "ಕರುಳು ಚುರ್ ಅಂತು" ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದು ಅನುವಾದಕರ ಕನಿಕರಕ್ಕಿಂತ ಮೂಲಕ್ಕೆ ಹತ್ತಿರ. ದೇವರು ತನ್ನ ಪ್ರೀತಿಯನ್ನು ಹೇಳಿಕೊಳ್ಳಲು ಆರಿಸಿಕೊಂಡದ್ದು ಸಿಂಹಾಸನವನ್ನಲ್ಲ, ಹೆಂಗಸಿನ ಒಡಲನ್ನು.

ಆ ಒಡಲು ದಣಿದಾಗ ನಾವು ಎಲ್ಲಿರುತ್ತೇವೆ? ನಮ್ಮ ನೆರೆಯ ಗೋವಾದಲ್ಲಿ ಬಾಣಂತಿಯರ ಮನಸ್ಸಿನ ಬಗ್ಗೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರೆಂಟು ವಾರವಾದ ತಾಯಂದಿರಲ್ಲಿ ನೂರಕ್ಕೆ 23 ಮಂದಿ ಖಿನ್ನತೆಯಲ್ಲಿದ್ದರು. ಅವರ ಮನಸ್ಸನ್ನು ಹಿಂಡಿದ್ದೇನು ಎಂದು ನೋಡಿದರೆ ಬಡತನ, ಗಂಡನ ಹೊಡೆತ, ಹೆಣ್ಣು ಮಗು ಹುಟ್ಟಿತೆಂಬ ಬೇಸರ. ಇವುಗಳಲ್ಲಿ ಯಾವುದಾದರೂ ಒಂದು ತಾಯಿಯ ತಪ್ಪೇನು? ಎರಡನೆಯದೂ ಹೆಣ್ಣಾಯಿತೆಂದು ಆಸ್ಪತ್ರೆಗೆ ನೋಡಲು ಬಾರದೆ ಉಳಿದ ಅತ್ತೆಮಾವಂದಿರು ಈ ಊರಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆ ತಾಯಿಯ ಎದೆಗೆ ಹಾಕಿದ ಕಲ್ಲು ಆ ಹೆಣ್ಣು ಕೂಸಿನ ಎದೆಯ ಮೇಲೂ ಕೂರುತ್ತದೆ.

ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ನಿದ್ದೆ, ಊಟ, ಒಂದು ಒಳ್ಳೆಯ ಮಾತು ಸಿಕ್ಕರೆ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿದ್ದರೆ, ಕೂಸನ್ನು ಮುಟ್ಟಲು ಮನಸ್ಸಾಗದಿದ್ದರೆ, ತಾನಿರುವುದೇ ಬೇಡ ಅನಿಸಿದರೆ ಅದು ಕಾಯಿಲೆ. ಜ್ವರದ ಹಾಗೆಯೇ ಅದಕ್ಕೂ ಔಷಧಿ ಇದೆ. ಪ್ರಾರ್ಥನೆ ಸಾಲದೇ ಅಯ್ಯಾರ ಎಂದು ನೀವು ಕೇಳಬಹುದು. ಪ್ರಾರ್ಥನೆ ಮಾಡುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗರಳ ಕತೆಯಲ್ಲೂ ದೇವರು ಆಕಾಶದಿಂದ ನೀರು ಸುರಿಸಲಿಲ್ಲ. ಅವಳ ಕಣ್ಣು ತೆರೆಸಿದ, ಅವಳಿಗೆ ಬಾವಿ ಕಂಡಿತು. ತಿತ್ತಿ ತುಂಬಿಸಿ ಹುಡುಗನಿಗೆ ಕುಡಿಸಿದವಳು ಅವಳೇ. ಇಂಥ ಬಾವಿಗಳು ನಮ್ಮ ನಾಡಿನಲ್ಲೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿನ ಘಟಕವೊಂದು ಇದೆ. ಮನಸ್ಸು ಕೆಟ್ಟ ಬಾಣಂತಿಯಿಂದ ಕೂಸನ್ನು ಕಿತ್ತು ಅಜ್ಜಿಯ ಮನೆಗೆ ಸಾಗಿಸುವುದು ನಮ್ಮ ರೂಢಿ. ಅಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿಕೊಳ್ಳುತ್ತಾರೆ. ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ-ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಅಂಕಿಯನ್ನು ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದ್ದೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ನೋಡಲು ಸರ್ಕಾರದ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಬರಬೇಕೆಂದು ನಿಯಮವಿದೆ. ನಮ್ಮ ಸಭೆ ಎಷ್ಟು ಸಲ ಹೋಗುತ್ತದೆ? ಒಂದು ಸಲ. ತೊಟ್ಟಿಲಿಗೆ ಹಾಕುವ ದಿನ, ಊಟಕ್ಕೆ. ದೀಕ್ಷಾಸ್ನಾನದ ದಿನ ನಾವೆಲ್ಲ ಎದ್ದು ನಿಂತು ಈ ಮಗುವನ್ನು ಬೆಳೆಸುವುದರಲ್ಲಿ ನಾವೂ ಪಾಲುದಾರರು ಎಂದು ಮಾತು ಕೊಡುತ್ತೇವೆ. ಕೊಟ್ಟು ಕೂತ ಮೇಲೆ, ಆ ಮಗು ಅತ್ತರೆ ತಿರುಗಿ ನೋಡುತ್ತೇವೆ.

ಮಹಿಳಾ ಅನ್ಯೋನ್ಯ ಕೂಟದ ಹಿರಿಯರ ಜೊತೆ ಬುಧವಾರ ಮಾತಾಡಿದೆ. ಈಗ ನಮ್ಮ ಸಭೆಯಲ್ಲಿ ಆರು ತಿಂಗಳೊಳಗಿನ ಕೂಸುಗಳು ನಾಲ್ಕು ಇವೆ. ನಾಲ್ಕು ಮನೆಗೂ ವಾರಕ್ಕೆರಡು ಸಂಜೆ ಒಬ್ಬೊಬ್ಬರು ಹೋಗುತ್ತಾರೆ. ಹೋದವರು ಬುದ್ಧಿ ಹೇಳುವಂತಿಲ್ಲ, ನಮ್ಮ ಕಾಲದಲ್ಲಿ ಹೀಗಿತ್ತು ಎನ್ನುವಂತಿಲ್ಲ. ಕೂಸನ್ನು ಎತ್ತಿಕೊಳ್ಳಬೇಕು, ತಾಯಿ ಉಂಡು ಮಲಗಬೇಕು, ಅಷ್ಟೇ ಕೆಲಸ. ಹೆಸರು ಕೊಡುವವರು ಆರಾಧನೆಯಾದ ಮೇಲೆ ನನ್ನ ಹೆಂಡತಿಯ ಹತ್ತಿರ ಬರೆಸಿ. ಗಂಡಂದಿರು ಹೆಸರು ಬರೆಸಬೇಕಿಲ್ಲ. ನಿಮ್ಮ ಮನೆಯಲ್ಲಿ ನೀವು ಪ್ರತಿ ಸಂಜೆ ಮಾಡಿ.

ಮುಂದಿನ ಭಾನುವಾರದಿಂದ ಬಲಗಡೆಯ ಮುಂದಿನ ಎರಡು ಬೆಂಚು ತೆಗೆದು ಅಲ್ಲಿ ಜಮಖಾನ ಹಾಸಿರುತ್ತೇವೆ, ಫ್ಯಾನಿನ ಕೆಳಗೆ. ಒಂದು ತೊಟ್ಟಿಲೂ ಇರುತ್ತದೆ. ಕೈಗೂಸಿನ ತಾಯಂದಿರು ಅಲ್ಲಿ ಕೂರಬೇಕು, ಹಿಂದೆ ಅಲ್ಲ. ಕೂಸು ಅತ್ತರೆ ಅಳಲಿ, ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಬೇವಿನ ಮರದ ಕೆಳಗೆ ಯಾರೂ ಹೋಗಬೇಡಿ.